ಛಾಯಾಚಿತ್ರಣದಲ್ಲಿ ಸಮಸ್ಯಾಪೂರಣ

೧

ವಾತ್ಸ್ಯಾಯನನು ಎಣಿಸಿದ ಅರುವತ್ತುನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವೂ ಒಂದು. ಒಬ್ಬರು ಪದ್ಯದ ಒಂದು ಪಾದವನ್ನು ಕೊಡುವುದು, ಇನ್ನೊಬ್ಬರು ಉಳಿದ ಪಾದಗಳನ್ನು ರಚಿಸಿ ಅದಕ್ಕೆ ಅರ್ಥವನ್ನು ಒದಗಿಸುವುದು, ಇದೇ ಅದರ ಸ್ವರೂಪ. ಕೊಟ್ಟ ಪಾದವು ಮೇಲ್ನೋಟಕ್ಕೆ ಅಸಂಬದ್ಧವಾಗಿಯೋ ಅಸಂಭವವಾಗಿಯೋ ತೋರುವುದುಂಟು. ಪೂರಣ ಮಾಡುವವನು ತಕ್ಕ ಸಂದರ್ಭವೊಂದನ್ನು ಕಲ್ಪಿಸಿ ಅದನ್ನು ಸಹಜವೆನಿಸುವಂತೆ ಮಾಡಬೇಕು. ಭೋಜರಾಜನ ಆಸ್ಥಾನವನ್ನು ಕುರಿತ ಕಥೆಗಳಿಂದ ಮೊದಲುಗೊಂಡು ಇಂದಿನ ಅವಧಾನಸಭೆಗಳವರೆಗೆ ಈ ವಿನೋದವು ಬಾಳಿಕೊಂಡು ಬಂದಿದೆ.

ಈ ಹಳೆಯ ವಿನೋದವೇ ಈಚಿನ ವರ್ಷಗಳಲ್ಲಿ ಛಾಯಾಚಿತ್ರಣದ ಹವ್ಯಾಸಿಗಳಲ್ಲಿ ಬೇರೊಂದು ವೇಷವನ್ನು ಧರಿಸಿ ಕಾಣಿಸಿಕೊಂಡಿದೆ. ವಾರಕ್ಕೊಂದು ವಿಷಯವನ್ನು ಗೊತ್ತುಮಾಡುವರು. ಒಂದು ವಾರ ‘ನೆರಳು’, ಮತ್ತೊಂದು ವಾರ ‘ಬಾಗಿಲು’, ಮುಂದಿನ ವಾರ ‘ಕೆಂಪು’. ಅನಂತರ ‘ಪ್ರತಿಬಿಂಬ’, ‘ಚಲನೆ’, ‘ಏಕಾಂತ’. ಭಾಗವಹಿಸುವವರು ಆ ಏಳು ದಿನಗಳೊಳಗಾಗಿ ಆ ವಿಷಯಕ್ಕೆ ಹೊಂದುವ ಒಂದು ಚಿತ್ರವನ್ನು ಹೊಸದಾಗಿ ತೆಗೆದು ಸಹಹವ್ಯಾಸಿಗಳ ಮುಂದಿಡಬೇಕು. ಹಳೆಯ ಸಂಗ್ರಹದಿಂದ ಆಯ್ದು ಕೊಡುವುದು ನಿಯಮಕ್ಕೆ ಒಪ್ಪದು. ವರ್ಷಕ್ಕೆ ಐವತ್ತೆರಡು ವಾರ, ಐವತ್ತೆರಡು ವಿಷಯ, ಐವತ್ತೆರಡು ಚಿತ್ರ. ಬಹುಮಾನವು ಸಾಮಾನ್ಯವಾಗಿ ಇರುವುದಿಲ್ಲ. ಒಡನಾಡಿಗಳ ಮೆಚ್ಚುಗೆಯೇ ಬಹುಮಾನ. ಹೊರದೇಶಗಳಲ್ಲಿ ಹುಟ್ಟಿದ ಈ ಪದ್ಧತಿಯು ಕೈಗೆ ಕೈಗೆ ಮೊಬೈಲು ಬಂದಮೇಲೆ ಎಲ್ಲ ಕಡೆಗೂ ಹರಡಿತು.

ಸಾಹಿತ್ಯಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇದರ ವಿಚಾರವೇಕೆಂದು ಕೆಲವರು ಕೇಳಬಹುದು. ಇಂದು ವಿದ್ಯಾವಂತರ ಮನೆಗಳಲ್ಲಿ ಪದ್ಯ ಬರೆಯುವವರು ಒಬ್ಬಿಬ್ಬರಿದ್ದರೆ ಚಿತ್ರ ತೆಗೆಯುವವರು ಮನೆಯವರೆಲ್ಲರೂ ಆಗಿದ್ದಾರೆ. ಹುಡುಗರು ಲೋಕವನ್ನು ನೋಡಲು ಕಲಿಯುವುದು ಪುಸ್ತಕದ ಪುಟಕ್ಕಿಂತ ಹೆಚ್ಚಾಗಿ ಆ ಚಿಕ್ಕ ಗಾಜಿನ ಮೂಲಕವೇ. ನೋಟದ ಸಂಸ್ಕಾರವು ರಸವಿಚಾರಕ್ಕೆ ಹೊರಗಾದುದಲ್ಲ. ಮೇಲಾಗಿ, ತಿರುಳ್ಗನ್ನಡದ ನೆಲೆಯನ್ನು ನಿರ್ದೇಶಿಸುವಾಗ ಕವಿರಾಜಮಾರ್ಗಕಾರನು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ನುಡಿಯ ಹದಕ್ಕೆ ಒರೆಗಲ್ಲಾಗಿದ್ದ ಈ ನೆಲವು ನೋಟದ ಹದಕ್ಕೂ ಒರೆಗಲ್ಲಾಗಬಲ್ಲುದೋ ಎಂದು ಪರೀಕ್ಷಿಸುವುದು ಅಪ್ರಸ್ತುತವೆನಿಸಲಾರದು.

೨

ವಿಷಯವನ್ನು ಮೊದಲೇ ಕೊಟ್ಟು ಚಿತ್ರವನ್ನು ಬೇಡುವ ರೂಢಿಯು ತೀರ ಹೊಸದೇನೂ ಅಲ್ಲ. ೧೮೩೯ರ ಆಗಸ್ಟ್ ೧೯ರಂದು ಪ್ಯಾರಿಸಿನಲ್ಲಿ ದಾಗೆರನ ವಿಧಾನವು ಬಹಿರಂಗವಾಯಿತು. ಅಲ್ಲಿಂದ ಹದಿನೈದೇ ವರ್ಷಗಳಲ್ಲಿ, ೧೮೫೪ರಲ್ಲಿ, ಮುಂಬಯಿಯಲ್ಲಿ ಛಾಯಾಚಿತ್ರಣದ ಸಂಘವು ಹುಟ್ಟಿತು. ೧೮೫೬ರಲ್ಲಿ ಮದರಾಸು ಮತ್ತು ಕಲಕತ್ತೆಗಳಲ್ಲಿಯೂ ಅಂಥವೇ ಸಂಘಗಳು ಸ್ಥಾಪಿತವಾದವು. ಸದಸ್ಯರು ತಮ್ಮ ಚಿತ್ರಗಳನ್ನು ಸಭೆಯ ಮುಂದಿಡುವುದು, ಗುಣದೋಷಗಳನ್ನು ಚರ್ಚಿಸುವುದು, ಗೊತ್ತಾದ ವಿಷಯವೊಂದರ ಮೇಲೆ ಸ್ಪರ್ಧೆ ನಡೆಸುವುದು, ಇವು ಇಂಥ ಸಂಘಗಳ ಬಾಳಿನಲ್ಲಿ ಬೇರೂರಿದ ಪದ್ಧತಿಗಳಾದವು. ಕರ್ನಾಟಕದಲ್ಲಿಯೂ ಈ ಹವ್ಯಾಸಕ್ಕೆ ಗೌರವದ ಇತಿಹಾಸವುಂಟು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ೧೯೭೧ರಲ್ಲಿ ಪ್ರಾರಂಭವಾಯಿತು. ಕೊಪ್ಪಳಕ್ಕೆ ದೂರವಲ್ಲದ ಸಂಡೂರಿನ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ರಾಜ್ಯದ ಅರ್ಥಖಾತೆಯ ಭಾರವನ್ನು ಹೊತ್ತವರು; ವನ್ಯಮೃಗಗಳ ಕಪ್ಪುಬಿಳುಪು ಚಿತ್ರಗಳಿಂದ ಹೊರದೇಶಗಳಲ್ಲಿಯೂ ಹೆಸರಾದವರು. ಉದ್ಯೋಗವೊಂದು, ಹವ್ಯಾಸವೊಂದು ಆಗಿದ್ದರೂ ಹವ್ಯಾಸವು ಕೀಳಾಗಬೇಕಿಲ್ಲವೆಂಬುದಕ್ಕೆ ಅವರ ‘ಸನ್‌ಲೈಟ್ ಅಂಡ್ ಷ್ಯಾಡೋಸ್’ ಎಂಬ ಗ್ರಂಥವು (೧೯೮೩) ಸಾಕ್ಷಿಯಾಗಿದೆ.

ಸಂಘಗಳ ಸ್ಪರ್ಧೆಗೂ ಇಂದಿನ ವಾರದ ವಿಷಯಕ್ಕೂ ಮುಖ್ಯವಾಗಿ ಎರಡು ಭೇದಗಳಿವೆ. ಮೊದಲನೆಯದು ಕಾಲ. ಹಿಂದೆ ಫಿಲ್ಮು ತೊಳೆದು, ಕತ್ತಲಕೋಣೆಯಲ್ಲಿ ಮುದ್ರಿಸಿ, ಪ್ರತಿಯನ್ನು ಸಭೆಗೆ ತರುವಷ್ಟರಲ್ಲಿ ತಿಂಗಳೇ ಕಳೆಯುತ್ತಿತ್ತು. ಈಗ ಏಳು ದಿನಗಳೂ ಹೆಚ್ಚೆಂದು ಹಲವರಿಗೆ ತೋರುತ್ತದೆ. ಎರಡನೆಯದು ತೀರ್ಪು. ಹಿಂದೆ ನುರಿತವರೊಬ್ಬರು ಚಿತ್ರದ ಮುಂದೆ ನಿಂತು ಇಂಥಲ್ಲಿ ಬೆಳಕು ಕೆಟ್ಟಿತು, ಇಂಥಲ್ಲಿ ಅಂಚು ಸಡಿಲವಾಯಿತು ಎಂದು ಹೇಳುತ್ತಿದ್ದರು. ಈಗ ಮೆಚ್ಚಿದವರ ಸಂಖ್ಯೆಯೇ ತೀರ್ಪಾಗಿದೆ. ಈ ಎರಡು ಭೇದಗಳಲ್ಲಿಯೇ ಪದ್ಧತಿಯ ಗುಣವೂ ದೋಷವೂ ಅಡಗಿಕೊಂಡಿವೆ.

೩

ಮೊದಲು ಗುಣವನ್ನು ಹೇಳುವುದು ನ್ಯಾಯ. ಕಾವ್ಯಕ್ಕೆ ಕಾರಣವೇನೆಂಬ ವಿಚಾರದಲ್ಲಿ ಆಲಂಕಾರಿಕರು ಶಕ್ತಿ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿದ್ದಾರೆ. ಶಕ್ತಿಯು ದೈವದತ್ತ, ವ್ಯುತ್ಪತ್ತಿಯು ಲೋಕ ಮತ್ತು ಶಾಸ್ತ್ರಗಳ ಅವಲೋಕನದಿಂದ ಬರತಕ್ಕುದು, ಅಭ್ಯಾಸವು ಮನುಷ್ಯನ ಪ್ರಯತ್ನಕ್ಕೆ ಸೇರಿದುದು. ಹವ್ಯಾಸಿಯಲ್ಲಿ ಸಾಮಾನ್ಯವಾಗಿ ಕುಂದುವುದು ಈ ಮೂರನೆಯದೇ. ಹೊಸ ಕ್ಯಾಮೆರಾ ಕೊಂಡ ಮೊದಲ ತಿಂಗಳಲ್ಲಿ ಮನೆಯ ಬೆಕ್ಕು, ಅಂಗಳದ ದಾಸವಾಳ, ಸಂಜೆಯ ಸೂರ್ಯ ಇವೆಲ್ಲ ಮುಗಿಯುತ್ತವೆ. ಆಮೇಲೆ ಯಂತ್ರವು ಕಪಾಟನ್ನು ಸೇರುತ್ತದೆ. ‘ತೆಗೆಯುವುದಕ್ಕೆ ಏನೂ ಇಲ್ಲ’ ಎಂಬುದು ಅವನ ಅಳಲು. ಏನೂ ಇಲ್ಲದೆ ಇರುವುದಿಲ್ಲ. ಎಲ್ಲವೂ ಇರುವುದರಿಂದಲೇ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ವಾರದ ವಿಷಯವು ಆ ಎಲ್ಲದರಿಂದ ಒಂದನ್ನು ಬೇರ್ಪಡಿಸಿ ಕೊಡುತ್ತದೆ. ‘ನೆರಳು’ ಎಂಬ ಮಾತನ್ನು ಕಿವಿಯಲ್ಲಿಟ್ಟುಕೊಂಡು ಬೀದಿಗಿಳಿದವನಿಗೆ ಇಪ್ಪತ್ತು ವರ್ಷ ತಿರುಗಾಡಿದ ಬೀದಿಯೇ ಹೊಸದಾಗಿ ಕಾಣುತ್ತದೆ.

ಒಂದು ನಿದರ್ಶನವನ್ನು ನೋಡಬಹುದು. ಕೊಪ್ಪಳವು ಉತ್ತರ ಅಕ್ಷಾಂಶದ ಹದಿನೈದು ಡಿಗ್ರಿಗಿಂತ ತುಸು ಮೇಲಿದೆ. ಆದುದರಿಂದ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ೧೧ರ ಆಸುಪಾಸಿನಲ್ಲಿ ಮತ್ತೊಮ್ಮೆ, ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ನೆಟ್ಟ ಕಂಬದ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಮೇ ತಿಂಗಳ ಆ ವಾರದಲ್ಲಿ ‘ನೆರಳು’ ವಿಷಯವಾಗಿ ಬಂದರೆ ಹವ್ಯಾಸಿಯು ಏನು ಮಾಡಬೇಕು? ನೆರಳಿಲ್ಲದ ಹೊತ್ತನ್ನೇ ತೋರಿಸಬಹುದು: ಬೇವಿನ ಮರದ ಬುಡಕ್ಕೆ ಒತ್ತಿಕೊಂಡ ಕುರಿಗಳ ಹಿಂಡು, ಬಂಡಿಯ ಕೆಳಗೆ ತಲೆಯಿಟ್ಟು ಮಲಗಿದ ಆಳು, ತನ್ನ ಕಾಲಡಿಯಲ್ಲಿಯೇ ಕುಗ್ಗಿದ ಕಪ್ಪು ಕಲೆಯನ್ನು ತುಳಿಯುತ್ತ ನೀರು ತರುವ ಹೆಂಗಸು. ನೆರಳೆಂಬುದು ಇಲ್ಲಿ ಚಿತ್ರದ ಚೆಲುವಿಗೆ ಬೇಕಾದ ಕಪ್ಪುಬಣ್ಣವಾಗಿ ಉಳಿಯದೆ ಜೀವಕ್ಕೆ ಬೇಕಾದ ತಂಪಾಗಿ ತೋರುತ್ತದೆ. ನಿರ್ಬಂಧವು ಕಲ್ಪನೆಯನ್ನು ಕಟ್ಟಿಹಾಕುವುದೆಂಬ ಮಾತು ಎಲ್ಲ ಕಡೆಗೂ ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುವುದು. ಕಂದವೃತ್ತಗಳ ಕಟ್ಟು ಕವಿಗೆ ಹೊರೆಯಾಗದಿದ್ದಂತೆ ವಾರದ ಕಟ್ಟು ಕಣ್ಣಿಗೆ ಹೊರೆಯಾಗಬೇಕಾಗಿಲ್ಲ.

ಏಳು ದಿನಗಳ ಅವಧಿಯಲ್ಲಿಯೂ ಒಂದು ಹಿತವಿದೆ. ನಿರ್ದೋಷವಾದ ಚಿತ್ರಕ್ಕಾಗಿ ಕಾದು ಕುಳಿತವನು ಒಂದನ್ನೂ ಮುಗಿಸುವುದಿಲ್ಲ. ವಾರ ತೀರಿದೊಡನೆ ಕೈಯಲ್ಲಿದ್ದುದನ್ನು ಒಪ್ಪಿಸಲೇಬೇಕೆಂಬ ನಿಯಮವು ಅಪೂರ್ಣತೆಯ ನಾಚಿಕೆಯನ್ನು ಬಿಡಿಸುತ್ತದೆ. ಮೂವತ್ತನೆಯ ವಾರದ ಚಿತ್ರವನ್ನು ಮೂರನೆಯ ವಾರದ ಚಿತ್ರದ ಪಕ್ಕದಲ್ಲಿಟ್ಟು ನೋಡಿದವನಿಗೆ ತನ್ನ ಕಣ್ಣು ಎಷ್ಟು ನಡೆಯಿತೆಂಬುದು ಬೇರೆಯವರು ಹೇಳದೆಯೇ ತಿಳಿಯುವುದು.

೪

ಇನ್ನು ಪೂರಣದ ತಾರತಮ್ಯವನ್ನು ವಿಚಾರಿಸಬೇಕು. ಒಂದೇ ವಿಷಯಕ್ಕೆ ಬಂದ ಚಿತ್ರಗಳಲ್ಲಿ ಮೇಲು ಕೀಳುಗಳನ್ನು ಹೇಗೆ ಗೊತ್ತುಮಾಡುವುದು? ಇದಕ್ಕೆ ಪರದೇಶದ ಅಳತೆಗೋಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂಬ ಹಳೆಯ ವಿಭಾಗವೇ ಸಾಕಾಗುತ್ತದೆ. ‘ಬಾಗಿಲು’ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ.

ಹಿಂದೆ ಯಲಬುರ್ಗಿ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನವು ಅದನ್ನು ದೇವಾಲಯಚಕ್ರವರ್ತಿಯೆಂದು ಕೊಂಡಾಡುತ್ತದೆ. ಅದರ ಬಾಗಿಲುವಾಡದ ಕೆತ್ತನೆಯು ಕಣ್ಣನ್ನು ಸೆರೆಹಿಡಿಯತಕ್ಕುದು. ಹವ್ಯಾಸಿಯೊಬ್ಬನು ಅದನ್ನು ನೇರವಾಗಿ ನಿಂತು ಸ್ಪಷ್ಟವಾಗಿ ತೆಗೆದನೆಂದರೆ ಅದು ವಾಚ್ಯವಾದ ಪೂರಣ. ಚಿತ್ರವು ಸುಂದರವಾಗಿದ್ದರೂ ಆ ಸೌಂದರ್ಯದ ಬಹುಪಾಲು ಒಂಬೈನೂರು ವರ್ಷಗಳ ಹಿಂದಿನ ಶಿಲ್ಪಿಗೆ ಸಲ್ಲಬೇಕು. ಛಾಯಾಗ್ರಾಹಕನಿಗೆ ಸಲ್ಲುವುದು ಅಚ್ಚುಕಟ್ಟಿನ ಮೆಚ್ಚುಗೆ ಮಾತ್ರ. ಇನ್ನೊಬ್ಬನು ಗಂಗಾವತಿ ತಾಲೂಕಿನ ಆನೆಗೊಂದಿಯ ಬಂಡೆಗಳ ನಡುವೆ ನಿಂತು, ಎರಡು ಹೆಬ್ಬಂಡೆಗಳು ಒಂದಕ್ಕೊಂದು ಒರಗಿದ ಸಂದಿನಲ್ಲಿ ತುಂಗಭದ್ರೆಯೂ ಬಯಲಿನ ಹಸುರೂ ಹೊಳೆಯುವುದನ್ನು ತೆಗೆದನೆಂದು ಇಟ್ಟುಕೊಳ್ಳೋಣ. ಅಲ್ಲಿ ಕದವಿಲ್ಲ, ಹೊಸ್ತಿಲಿಲ್ಲ. ಆದರೂ ಅದು ಬಾಗಿಲೇ. ಇದು ಲಕ್ಷ್ಯವಾದ ಪೂರಣ. ಸಾಮ್ಯವನ್ನು ಕಾಣುವ ಬುದ್ಧಿಯ ಚಮತ್ಕಾರವು ಇಲ್ಲಿ ಛಾಯಾಗ್ರಾಹಕನ ಸ್ವಂತ ಸೊತ್ತು.

ಮೂರನೆಯವನು ಕುಷ್ಟಗಿಯ ಕಡೆಯ ಹಳ್ಳಿಯೊಂದಕ್ಕೆ ಹೋಗುತ್ತಾನೆ. ಮಳೆ ತಪ್ಪಿದ ವರ್ಷ. ಮನೆಯವರು ಗುಳೆ ಹೋಗಿದ್ದಾರೆ. ಕದಕ್ಕೆ ಬೀಗ, ಬೀಗದ ಮೇಲೆ ಧೂಳು. ಹೊಸ್ತಿಲಿನ ಮುಂದೆ ರಂಗೋಲಿಯ ಹಳೆಯ ಗೆರೆಗಳು ಅರ್ಧ ಅಳಿಸಿವೆ. ಜಂತೆಗೆ ತೂಗಿಹಾಕಿದ ತೊಟ್ಟಿಲಿನ ಹಗ್ಗವು ಬರಿದಾಗಿ ಜೋಲುತ್ತಿದೆ. ಇಲ್ಲಿಯೂ ಇರುವುದು ಬಾಗಿಲೇ, ವಾಚ್ಯಾರ್ಥಕ್ಕೆ ಲೋಪವಿಲ್ಲ. ಆದರೆ ನೋಡುವವನ ಮನಸ್ಸು ಬಾಗಿಲಿನಲ್ಲಿ ನಿಲ್ಲದೆ ಅದರ ಹಿಂದಿನ ಬರಿದಾದ ಮನೆಗೂ, ಮನೆಯನ್ನು ಬಿಟ್ಟು ದೂರದ ಪಟ್ಟಣದಲ್ಲಿ ಇಟ್ಟಿಗೆ ಹೊರುತ್ತಿರುವವರ ಕಡೆಗೂ ಹೋಗುತ್ತದೆ. ತೋರಿಸಿದುದು ಕದ, ಹೇಳಿದುದು ಅಗಲಿಕೆ. ಇದೇ ಧ್ವನಿ. ಧ್ವನಿಗಾಗಿ ವಾಚ್ಯವನ್ನು ತೊರೆಯಬೇಕಾಗಿಲ್ಲ, ವಿಚಿತ್ರವಾದ ಕೋನಗಳನ್ನೂ ಬಣ್ಣಗಳನ್ನೂ ಅರಸಬೇಕಾಗಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಆ ಮನೆಯವರು ಗುಳೆ ಹೋದರೆಂಬುದು ಚಿತ್ರದಿಂದ ಹೇಗೆ ತಿಳಿಯಿತು? ಅವರು ನೆಂಟರ ಮದುವೆಗೆ ಹೋಗಿರಬಾರದೇಕೆ? ಆಕ್ಷೇಪವು ಯುಕ್ತವಾದುದೇ. ಛಾಯಾಚಿತ್ರವು ‘ಇದು ಇತ್ತು’ ಎಂಬುದನ್ನು ದೃಢವಾಗಿ ಹೇಳಬಲ್ಲುದು. ‘ಏಕೆ’ ಎಂಬುದನ್ನು ಹೇಳಲಾರದು. ಆದುದರಿಂದ ಚಿತ್ರದ ಕೆಳಗೆ ಊರು, ತಿಂಗಳು, ವರ್ಷ ಇವುಗಳನ್ನು ತಿಳಿಸುವ ಒಂದು ಸಾಲು ಬೇಕು. ಆ ಸಾಲು ನಿಜವಾಗಿರಬೇಕು, ಭಾವವನ್ನು ತುರುಕುವಂತಿರಬಾರದು. ‘ಮೌನದ ಕಣ್ಣೀರು’ ಎಂದು ಬರೆದುಬಿಟ್ಟರೆ ಚಿತ್ರವು ಮೂಕವಾಗುತ್ತದೆ. ಹಳ್ಳಿಯ ಹೆಸರನ್ನೂ ‘ಫೆಬ್ರವರಿ’ ಎಂಬುದನ್ನೂ ಬರೆದರೆ ಚಿತ್ರವೇ ಮಾತನಾಡುತ್ತದೆ. ವಾರದ ವಿಷಯಗಳಿಗೆ ಬರುವ ಚಿತ್ರಗಳಲ್ಲಿ ಎದ್ದು ಕಾಣುವ ಕೊರತೆಗಳಲ್ಲಿ ಈ ಒಂದು ಸಾಲಿನ ಪ್ರಾಮಾಣಿಕತೆಯ ಕೊರತೆಯೂ ಒಂದೆಂದು ಹೇಳಬೇಕಾಗಿದೆ.

೫

ದೋಷಗಳನ್ನು ಹೇಳುವಾಗ ಮೊದಲು ಹೇಳಬೇಕಾದುದು ವಿಷಯಗಳ ಆಯ್ಕೆಯ ಮಾತು. ಐವತ್ತೆರಡು ವಿಷಯಗಳ ಪಟ್ಟಿಯು ಎಲ್ಲಿಂದಲೋ ಸಿದ್ಧವಾಗಿ ಬರುತ್ತದೆ. ಅಕ್ಟೋಬರಿನಲ್ಲಿ ಉದುರುವ ಎಲೆಗಳ ಹೊಂಬಣ್ಣ, ಡಿಸೆಂಬರಿನಲ್ಲಿ ಹಿಮ, ಏಪ್ರಿಲಿನಲ್ಲಿ ವಸಂತದ ತುಂತುರು. ಇದು ಕೊಪ್ಪಳದ ಪಂಚಾಂಗವಲ್ಲ. ಇಲ್ಲಿಯ ಅಕ್ಟೋಬರ್ ಎಂದರೆ ಎರೆಹೊಲದಲ್ಲಿ ಹಿಂಗಾರಿ ಜೋಳದ ಬಿತ್ತಿಗೆ. ಇಲ್ಲಿಯ ಏಪ್ರಿಲ್ ಎಂದರೆ ಕಾದ ಬಂಡೆ ಮತ್ತು ಬತ್ತಿದ ಹಳ್ಳ. ಮಹಾಕಾವ್ಯಕ್ಕೆ ಅಷ್ಟಾದಶವರ್ಣನೆಗಳು ಬೇಕೆಂದು ಲಕ್ಷಣಕಾರರು ವಿಧಿಸಿದಾಗ ನಡೆದುದೂ ಇದೇ. ಸಮುದ್ರವನ್ನು ಕಣ್ಣಾರೆ ನೋಡದವರು ಸಮುದ್ರವನ್ನು ವರ್ಣಿಸಿದರು. ಅವರ ತೆರೆಗಳು ಹಿಂದಿನ ಕಾವ್ಯಗಳಿಂದ ಎದ್ದು ಬಂದು ಮುಂದಿನ ಕಾವ್ಯಗಳಲ್ಲಿ ಬಿದ್ದವು. ಅದೇ ವಿಧಿಯ ಒಳಗಿದ್ದುಕೊಂಡೇ ಪಂಪನು ಬನವಾಸಿಯನ್ನು ಹಾಡಿದಾಗ ಅದು ಜೀವಂತವಾಯಿತು. ಏಕೆಂದರೆ ಆ ನಾಡು ಅವನ ಮನಸ್ಸನ್ನು ಹೊಕ್ಕಿತ್ತು. ವಿಧಿಯು ದೋಷವಲ್ಲ, ಎರವಲು ಕಣ್ಣು ದೋಷ.

ಎರಡನೆಯದು ಸಂಖ್ಯೆಯ ತೀರ್ಪು. ನೂರು ಜನ ಮೆಚ್ಚಿದ ಚಿತ್ರವು ಹತ್ತು ಜನ ಮೆಚ್ಚಿದ ಚಿತ್ರಕ್ಕಿಂತ ಮೇಲೆಂದು ತಿಳಿದ ಹವ್ಯಾಸಿಯು ಮುಂದಿನ ವಾರ ಆ ನೂರು ಜನರಿಗಾಗಿಯೇ ತೆಗೆಯುತ್ತಾನೆ. ಆಗ ಆಕಾಶವು ಇರುವುದಕ್ಕಿಂತ ನೀಲಿಯಾಗುತ್ತದೆ, ಗದ್ದೆಯು ಇರುವುದಕ್ಕಿಂತ ಹಸುರಾಗುತ್ತದೆ, ಇಳಕಲ್ ಸೀರೆಯ ಸೆರಗಿನ ಕೆಂಪು ಉರಿಯತೊಡಗುತ್ತದೆ. ಇಂದಿನ ಯಂತ್ರಗಳಲ್ಲಿ ಇಲ್ಲದ ಮೋಡವನ್ನು ಸೇರಿಸುವುದೂ ಇರುವ ತಂತಿಕಂಬವನ್ನು ಅಳಿಸುವುದೂ ಬೆರಳಿನ ಕೆಲಸ. ಅಭ್ಯಾಸಕ್ಕೆ ಕಾವ್ಯಜ್ಞನ ಶಿಕ್ಷಣವು ಬೇಕೆಂದು ಮಮ್ಮಟನು ಹೇಳಿದುದರ ಔಚಿತ್ಯವು ಇಲ್ಲಿ ಕಾಣುತ್ತದೆ. ತಿಳಿದವರೊಬ್ಬರು ಎದುರು ಕುಳಿತು ‘ಈ ಮೋಡವೇಕೆ?’ ಎಂದು ಕೇಳುವ ಒಂದು ಪ್ರಶ್ನೆಯು ನೂರು ಮೆಚ್ಚುಗೆಗಳಿಗಿಂತ ಹೆಚ್ಚು ಕಲಿಸುವುದು. ತಿಳಿದವರ ಅಧಿಕಾರಕ್ಕೂ ಮಿತಿ ಬೇಕೆಂಬುದು ಬೇರೆ ಮಾತು. ೧೯೩೫ರಿಂದ ಮುಂದೆ ಅಮೆರಿಕಾದ ಸರಕಾರವು ತನ್ನ ರೈತರ ದುಃಸ್ಥಿತಿಯನ್ನು ದಾಖಲಿಸಲು ಛಾಯಾಗ್ರಾಹಕರನ್ನು ನೇಮಿಸಿದಾಗ ಅವರ ಮೇಲ್ವಿಚಾರಕನಾಗಿದ್ದ ರಾಯ್ ಸ್ಟ್ರೈಕರನು ಯಾವ ಯಾವ ವಿಷಯಗಳನ್ನು ತೆಗೆಯಬೇಕೆಂದು ಪಟ್ಟಿಗಳನ್ನು ಬರೆದು ಕಳುಹಿಸುತ್ತಿದ್ದನು. ಒಪ್ಪಿಗೆಯಾಗದ ನೆಗೆಟಿವುಗಳಿಗೆ ತೂತು ಹೊಡೆಸುತ್ತಿದ್ದನು. ಆ ಪಟ್ಟಿಗಳಿಂದ ಜಗತ್ತಿಗೆ ಅಮೂಲ್ಯವಾದ ಸಂಗ್ರಹವೊಂದು ದೊರೆಯಿತು. ಆ ತೂತುಗಳಿಂದ ಎಷ್ಟೋ ಚಿತ್ರಗಳು ಶಾಶ್ವತವಾಗಿ ಊನವಾದವು. ವಿಷಯ ಕೊಡುವವರು ಪಟ್ಟಿಯನ್ನು ಅನುಕರಿಸಬೇಕು, ತೂತನ್ನು ಅನುಕರಿಸಬಾರದು.

೬

ಮೂರನೆಯ ದೋಷವು ಇವೆರಡಕ್ಕಿಂತಲೂ ಗುರುತರವಾದುದು. ‘ಕೆಂಪು’, ‘ಪ್ರತಿಬಿಂಬ’ ಮುಂತಾದವು ನಿರಪಾಯವಾದ ವಿಷಯಗಳು. ‘ಮುಪ್ಪು’, ‘ಹಸಿವು’, ‘ಬಾಯಾರಿಕೆ’, ‘ದುಡಿಮೆ’ ಇವು ಹಾಗಲ್ಲ. ಇವು ಮನುಷ್ಯರ ಬಾಳು. ಶನಿವಾರ ಸಂಜೆಯೊಳಗೆ ‘ಬಾಯಾರಿಕೆ’ಯ ಚಿತ್ರವನ್ನು ಒಪ್ಪಿಸಬೇಕಾದವನು ಶುಕ್ರವಾರ ಬೆಳಿಗ್ಗೆ ಬೈಕು ಹತ್ತಿ ಯಲಬುರ್ಗಿಯ ಕಡೆಯ ತಾಂಡಾಕ್ಕೋ ಹಟ್ಟಿಗೋ ಹೋಗುತ್ತಾನೆ; ಖಾಲಿ ಕೊಡಗಳ ಸಾಲನ್ನೂ ಸುಕ್ಕುಗಟ್ಟಿದ ಮುಖವೊಂದನ್ನೂ ತೆಗೆದುಕೊಂಡು ಹಿಂದಿರುಗುತ್ತಾನೆ. ಆ ಅಜ್ಜಿಯ ಹೆಸರನ್ನು ಅವನು ಕೇಳುವುದಿಲ್ಲ. ಏಕೆ ತೆಗೆದನೆಂದು ಅವಳಿಗೆ ಹೇಳುವುದಿಲ್ಲ. ಚಿತ್ರವನ್ನು ನೂರಾರು ಜನರು ಮೆಚ್ಚಬಹುದು. ಆ ಹಟ್ಟಿಗೆ ಒಂದು ಕೊಡ ನೀರೂ ಬರುವುದಿಲ್ಲ. ಮುಂದಿನ ವಾರದ ವಿಷಯವು ‘ಸಿಹಿ’ ಆಗಿರುತ್ತದೆ.

ಮೇಲೆ ಹೇಳಿದ ಅಮೆರಿಕಾದ ಸಂಗ್ರಹದಲ್ಲಿಯೇ ಇದಕ್ಕೊಂದು ಪಾಠವಿದೆ. ೧೯೩೬ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಮಹಿಳೆಯು ಮಕ್ಕಳೊಡನೆ ಕುಳಿತ ತಾಯಿಯೊಬ್ಬಳ ಚಿತ್ರವನ್ನು ತೆಗೆದಳು. ಅದು ಲೋಕಪ್ರಸಿದ್ಧವಾಯಿತು; ಸುದ್ದಿಯು ಪತ್ರಿಕೆಗಳಲ್ಲಿ ಬಂದೊಡನೆ ಆ ಬಿಡಾರಕ್ಕೆ ಸರಕಾರದಿಂದ ಆಹಾರವೂ ಬಂದಿತು. ಆದರೆ ಲ್ಯಾಂಗ್ ಅವಳ ಹೆಸರನ್ನು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದುದು ೧೯೭೮ರಲ್ಲಿ. ಆ ಚಿತ್ರದಿಂದ ತನಗೊಂದು ಕಾಸೂ ದೊರೆಯಲಿಲ್ಲವೆಂದೂ, ಅದನ್ನು ತೆಗೆಯದೆ ಇದ್ದಿದ್ದರೆ ಚೆನ್ನಾಗಿತ್ತೆಂದೂ ಆಕೆ ಆಗ ಹೇಳಿಕೊಂಡಳು. ಅಷ್ಟು ದೊಡ್ಡ ಕಲಾವಿದೆಯ, ಅಷ್ಟು ಉಪಕಾರಕವಾದ ಚಿತ್ರದ ವಿಷಯದಲ್ಲಿಯೇ ಹೀಗಾದರೆ ವಾರದ ವಿನೋದಕ್ಕಾಗಿ ತೆಗೆದ ಚಿತ್ರದ ಮಾತೇನು?

ಹಾಗಾದರೆ ಬಡವರನ್ನೂ ಮುದುಕರನ್ನೂ ತೆಗೆಯಲೇಬಾರದೇ ಎಂದರೆ, ಹಾಗಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು (೧೯೨೩–೨೦೦೯) ಜೀವಮಾನವೆಲ್ಲ ತೆಗೆದುದು ಸಾಮಾನ್ಯ ಜನರನ್ನೇ, ಮಕ್ಕಳನ್ನೇ. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳಲ್ಲಿ ಬಡವರು ಕಾಣುತ್ತಾರೆ, ಬಡತನದ ಪ್ರದರ್ಶನವು ಕಾಣುವುದಿಲ್ಲ. ಎದುರಿನವನು ತನ್ನಂತೆಯೇ ನಗುವ, ಆಡುವ, ಬೇಸರಪಡುವ ಮನುಷ್ಯನೆಂಬ ತಿಳಿವು ಅಲ್ಲಿ ಬೆಳಕಿನೊಡನೆ ಬೆರೆತಿದೆ. ಅಂಥ ಸಲಿಗೆಯು ಒಂದು ಶುಕ್ರವಾರದಲ್ಲಿ ಕುದುರುವುದಿಲ್ಲ. ಆದುದರಿಂದ ಮನುಷ್ಯರ ನೋವನ್ನು ವಾರದ ವಿಷಯವನ್ನಾಗಿ ಕೊಡಕೂಡದೆಂಬುದೂ, ಕೊಟ್ಟರೂ ಹೆಸರು ಕೇಳದೆ ಒಪ್ಪಿಗೆ ಪಡೆಯದೆ ತೆಗೆದ ಮುಖಗಳನ್ನು ಸ್ವೀಕರಿಸಕೂಡದೆಂಬುದೂ ಈ ಪದ್ಧತಿಯ ಮೊದಲ ನಿಯಮಗಳಾಗಬೇಕು.

೭

ಹಾಗಾದರೆ ಈ ನೆಲಕ್ಕೆ ಒಪ್ಪುವ ವಿಷಯಗಳು ಯಾವುವು? ಹುಡುಕಿ ಬಳಲಬೇಕಾಗಿಲ್ಲ. ‘ಎರೆ ಮತ್ತು ಮಸಾರಿ’: ಒಂದೇ ಹೊಲದ ಬದುವಿನ ಆಚೆಗೆ ಕರಿಮಣ್ಣು, ಈಚೆಗೆ ಕೆಂಪುಮಣ್ಣು, ಬಣ್ಣದ ಪಾಠಕ್ಕೆ ಇದಕ್ಕಿಂತ ಬೇರೆ ಹಲಗೆಯು ಬೇಡ. ‘ಕಾಲುವೆ’: ೧೯೫೩ರಲ್ಲಿ ಪೂರ್ಣವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ನೀರು ಗಂಗಾವತಿಯ ಬಯಲನ್ನು ಭತ್ತದ ಕಣಜವನ್ನಾಗಿ ಮಾಡಿದೆ, ಅದೇ ಜಿಲ್ಲೆಯ ಕುಷ್ಟಗಿ ಯಲಬುರ್ಗಿಗಳು ಮಳೆಯ ದಾರಿಯನ್ನೇ ಕಾಯುತ್ತವೆ. ಕಾಲುವೆಯ ಈ ದಂಡೆ ಆ ದಂಡೆಗಳನ್ನು ನೋಡಿದವನು ಜಿಲ್ಲೆಯ ಅರ್ಥಶಾಸ್ತ್ರವನ್ನೇ ನೋಡಿದಂತಾಯಿತು. ‘ರೊಟ್ಟಿ’: ಗವಿಸಿದ್ಧೇಶ್ವರನ ಜಾತ್ರೆಗೆ ಹಳ್ಳಿ ಹಳ್ಳಿಗಳ ಹೆಣ್ಣುಮಕ್ಕಳು ಬಡಿದು ಕಳುಹಿಸುವ ಜೋಳದ ರೊಟ್ಟಿಗಳ ರಾಶಿಯು ದಾಸೋಹದಲ್ಲಿ ಬೆಟ್ಟದಂತೆ ಏರುತ್ತದೆ, ತೇರನ್ನು ತೆಗೆಯುವವರು ಸಾವಿರ, ರೊಟ್ಟಿ ಬಡಿದ ಕೈಗಳನ್ನು ತೆಗೆಯುವವರು ವಿರಳ. ‘ಅಂಟು’: ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಹುಣಿಸೆಬೀಜದ ಸರಿಯಿಂದ ಕೂಡಿಸಿ, ಮೇಲೆ ಕಿಟ್ಟವನ್ನು ಮೆತ್ತಿ, ಬಣ್ಣಕ್ಕೆ ಅಣಿಮಾಡುವ ಕ್ರಮ, ಮುಗಿದ ಬೊಂಬೆಯ ಚಿತ್ರವು ಅಂಗಡಿಯಲ್ಲಿ ದೊರೆಯುವುದು, ಬಣ್ಣ ಏರುವ ಮೊದಲಿನ ಬೊಂಬೆಯ ಚಿತ್ರವು ಕೆಲಸದ ಮನೆಯಲ್ಲಿ ಕುಳಿತವನಿಗೆ ಮಾತ್ರ ದೊರೆಯುವುದು. ‘ಅಕ್ಷರ’: ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ೧೯೩೧ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆಬರಹಗಳಿಂದ ಮೊದಲುಗೊಂಡು ಶಾಲೆಯ ಗೋಡೆಯ ಸುಣ್ಣದ ಬರಹದವರೆಗೆ.

ಇನ್ನೊಂದು ವಿಷಯವು ಎಲ್ಲಕ್ಕಿಂತ ಬೆಲೆಯುಳ್ಳದು: ‘ಮತ್ತೆ ಅದೇ ಜಾಗ’. ೧೮೫೬ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬವನು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದನು. ಅಧಿಕಾರದ ಕೆಲಸವು ಬೇರೆಯಿದ್ದು, ಚಿತ್ರಣವನ್ನು ಪ್ರೀತಿಯಿಂದ ಕೈಕೊಂಡವನವನು. ೧೯೮೩ರಲ್ಲಿ, ಅಂದರೆ ನೂರಿಪ್ಪತ್ತೇಳು ವರ್ಷಗಳ ತರುವಾಯ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬವರು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅವೇ ಕೋನಗಳಿಂದ ಮತ್ತೆ ಚಿತ್ರಗಳನ್ನು ತೆಗೆದರು. ವಿಷಯವು ಬೇರೊಬ್ಬರದು, ಚೌಕಟ್ಟು ಬೇರೊಬ್ಬರದು. ಸ್ವಂತ ಕಲ್ಪನೆಗೆ ಎಡೆಯೇ ಇಲ್ಲವೆನ್ನುವಷ್ಟು ಬಿಗಿಯಾದ ಸಮಸ್ಯೆ. ಆದರೂ ಎರಡು ಚಿತ್ರಗಳನ್ನು ಒತ್ತಟ್ಟಿಗೆ ಇಟ್ಟಾಗ ಹೊಳೆಯುವ ಅರ್ಥವು ಯಾವುದೊಂದರಲ್ಲಿಯೂ ಇಲ್ಲ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ೧೮೫೬ರಲ್ಲಿ ಇಟ್ಟಿಗೆಯ ಶಿಖರವಿತ್ತು; ಈಗ ಇಲ್ಲ. ಆ ಶಿಖರವು ಇದ್ದ ಬಗೆಯನ್ನು ಇಂದಿನವರು ಕಣ್ಣಾರೆ ಕಾಣುವುದು ಆ ಕಾಗದದಲ್ಲಿ. ಸೌಂದರ್ಯಕ್ಕಾಗಿ ಹಾತೊರೆಯದೆ ನಿಷ್ಠೆಯಿಂದ ನೋಡಿದುದರ ಫಲವಿದು.

ಇಂಥ ನಿಷ್ಠೆಗೆ ಈ ಜಿಲ್ಲೆಯಲ್ಲಿ ಅವಕಾಶವು ಬೇಕಾದಷ್ಟಿದೆ. ಹಿರೇಬೆಣಕಲ್ಲಿನ ಬೆಟ್ಟದ ಮೇಲಿನ ಶಿಲಾಯುಗಾಂತ್ಯದ ಕಲ್ಮನೆಗಳು ೨೦೨೧ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಒಂದೊಂದು ಕಲ್ಮನೆಯನ್ನೂ ವರ್ಷಕ್ಕೊಮ್ಮೆ ಅದೇ ಕೋನದಿಂದ ತೆಗೆದಿಡುವ ನಾಲ್ವರು ಹವ್ಯಾಸಿಗಳಿದ್ದರೆ ಒಂದು ಚಪ್ಪಡಿ ಜಾರಿದರೂ ಲೋಕಕ್ಕೆ ತಿಳಿಯುವುದು. ಊರ ಕೆರೆಯ ನೀರಿನ ಮಟ್ಟ, ಸಂತೆಯ ಮೈದಾನದ ಹುಣಿಸೆಮರ, ಹಳೆಯ ಮಣ್ಣಿನ ಮಾಳಿಗೆ ಮನೆ, ಇವುಗಳಿಗೂ ಇದೇ ಮಾತು ಸಲ್ಲುತ್ತದೆ. ಹತ್ತು ವರ್ಷಗಳು ಕಳೆದಮೇಲೆ ಇಂಥ ಸಂಗ್ರಹವು ತಾಲೂಕಿನ ಚರಿತ್ರೆಯ ಒಂದು ಸಂಪುಟವಾದೀತು. ಮೆಚ್ಚುಗೆಗಳ ಲೆಕ್ಕವು ಹತ್ತು ದಿನಗಳಲ್ಲಿಯೇ ಮರೆತುಹೋಗುವುದು.

ಒಟ್ಟಿನಲ್ಲಿ ಹೇಳುವುದಾದರೆ, ವಾರದ ವಿಷಯವೆಂಬುದು ಸಿದ್ಧಿಯಲ್ಲ, ಸಾಧನ, ಕಾವ್ಯವಲ್ಲ, ಗರಡಿ. ಸಮಸ್ಯಾಪೂರಣದಲ್ಲಿ ಪಳಗಿದವರೆಲ್ಲರೂ ಮಹಾಕವಿಗಳಾಗಲಿಲ್ಲ. ಆದರೆ ಮಾತಿನ ತೂಕವನ್ನು ಬಲ್ಲ ಸಹೃದಯರ ಗುಂಪೊಂದು ಅದರಿಂದ ಉಳಿದು ಬಂದಿತು, ಆ ಗುಂಪಿನ ನಡುವೆ ಮಹಾಕವಿಗೆ ಕೇಳುವ ಕಿವಿ ದೊರೆಯಿತು. ಛಾಯಾಚಿತ್ರಣದಲ್ಲಿಯೂ ಹಾಗೆಯೇ ಆಗಬಹುದು. ವಿಷಯವನ್ನು ಈ ನೆಲದಿಂದ ಆರಿಸಿ, ತೀರ್ಪನ್ನು ತಿಳಿದವರ ಮಾತಿಗೆ ಒಪ್ಪಿಸಿ, ಎದುರಿನ ಮನುಷ್ಯನ ಹೆಸರನ್ನು ಕೇಳಿ, ಚಿತ್ರದ ಕೆಳಗೆ ಊರನ್ನೂ ದಿನವನ್ನೂ ಬರೆದಿಟ್ಟರೆ, ಐವತ್ತೆರಡು ವಾರಗಳ ಕೊನೆಗೆ ಹವ್ಯಾಸಿಯ ಕೈಯಲ್ಲಿ ಐವತ್ತೆರಡು ಒಳ್ಳೆಯ ಚಿತ್ರಗಳು ಇಲ್ಲದಿದ್ದರೂ ಚಿಂತೆಯಿಲ್ಲ. ತನ್ನ ಊರನ್ನು ನೋಡಬಲ್ಲ ಎರಡು ಕಣ್ಣುಗಳು ಅವನಿಗೆ ಬಂದಿರುವುವು.